‘ಕಂಡಿಲ್ಲ’ ಅಂದರೆ ‘ಇಲ್ಲ’ ಅಲ್ಲ: ಜಗಳೂರು ಕಡೆಯ ಒಂದು ಚೊಚ್ಚಲ ಹೆರಿಗೆ

ಮಲೇರಿಯಾ ಪರೀಕ್ಷೆಗೆ ಬಂದ ಸ್ಲೈಡಿನಲ್ಲಿ ರೋಗಾಣು ಸಿಗದಿದ್ದರೆ ಲ್ಯಾಬಿನಲ್ಲಿ ನಾವು ಬರೆಯುವುದು ‘ಎಂಪಿ ನಾಟ್ ಸೀನ್’ ಅಂತ. ಮಲೇರಿಯಾ ಪ್ಯಾರಸೈಟ್ ಕಂಡಿಲ್ಲ. ಅಷ್ಟೇ ಅದರ ಅರ್ಥ. ಆದರೆ ಚೀಟಿ ವಾರ್ಡು ಮುಟ್ಟುವ ಹೊತ್ತಿಗೆ ‘ಕಂಡಿಲ್ಲ’ ಹೋಗಿ ‘ಇಲ್ಲ’ ಆಗಿರುತ್ತದೆ. ಮಲೇರಿಯಾ ಇಲ್ಲವಂತೆ ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ.

ದಾವಣಗೆರೆಯ ಒಂದು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇಂಥ ಚೀಟಿಗಳಿಗೆ ಸಹಿ ಹಾಕುವುದು ನನ್ನ ಕೆಲಸ. ಇಲ್ಲಿ ಹೇಳುತ್ತಿರುವ ಹೆಣ್ಣುಮಗಳ ಚೀಟಿಗೂ ನಾನೇ ಸಹಿ ಹಾಕಿದ್ದೆ. 16 ದಿನ ಕಳೆದ ಮೇಲೆ ಅವಳ ಮಾಸನ್ನು (ಪ್ಲಾಸೆಂಟಾ) ಕೈಯಲ್ಲಿ ಹಿಡಿದು ನೋಡಿದೆ. ಆ ಎರಡು ದಿನಗಳ ನಡುವೆ ನಾನು ಕಲಿತದ್ದನ್ನು ಬರೆದಿಡಬೇಕು ಅನ್ನಿಸಿತು. ಗುರುತು ಸಿಗಬಾರದು ಅಂತ ಅವಳ ಹೆಸರು, ಊರು ಬಿಟ್ಟಿದ್ದೇನೆ.

ತಾಯಿ ಕಾರ್ಡಿನಲ್ಲಿ ಇದ್ದದ್ದು, ಇಲ್ಲದ್ದು

ವಯಸ್ಸು 21. ಜಗಳೂರು ತಾಲೂಕಿನ ಒಂದು ಹಳ್ಳಿ. ಚೊಚ್ಚಲ ಬಸುರಿ. ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದ ವರ್ಷ ಗಂಡ ಹೆಂಡತಿ ಇಬ್ಬರೂ ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದರು. ಕಟ್ಟುತ್ತಿರುವ ಬಿಲ್ಡಿಂಗಿನ ಕೆಳಗೇ ತಗಡಿನ ಶೆಡ್ಡು, ಅಲ್ಲೇ ವಾಸ. ಕ್ಯೂರಿಂಗಿಗೆ ಅಂತ ನಿಲ್ಲಿಸಿದ ನೀರು ಸುತ್ತಮುತ್ತ ಸದಾ ಇರುತ್ತಿತ್ತು. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟಿಫೆನ್ಸಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ನಮ್ಮ ರಾಜ್ಯದ ಮಲೇರಿಯಾದಲ್ಲಿ ದೊಡ್ಡ ಪಾಲು ಹಲವು ವರ್ಷ ಕರಾವಳಿಯದೇ ಆಗಿತ್ತು. ಮಂಗಳೂರಿಗೆ ದುಡಿಯಲು ಹೋಗಿ ಬರುವವರನ್ನು ನೋಡುವ ನಮಗೆ ಇದು ಗೊತ್ತಿರಬೇಕಾದ ಸಂಗತಿ.

ಐದನೇ ತಿಂಗಳಲ್ಲಿ ಇಬ್ಬರಿಗೂ ಚಳಿಜ್ವರ ಬಂತು. ಅಲ್ಲೇ ಪರೀಕ್ಷೆ ಮಾಡಿಸಿದಾಗ ಫಾಲ್ಸಿಪಾರಮ್, ಅಂದರೆ ಹೆಚ್ಚು ಅಪಾಯದ ಬಗೆಯ ಮಲೇರಿಯಾ ಅಂತ ಗೊತ್ತಾಯಿತು. ಮಾತ್ರೆ ಕೊಟ್ಟರು. ಗಂಡ ಪೂರ್ತಿ ನುಂಗಿದ, ಗುಣವಾದ. ಅವಳಿಗೆ ಮೊದಲ ದಿನವೇ ವಾಂತಿ. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತು ಅಂತ ಹೆದರಿ ಉಳಿದ ಮಾತ್ರೆ ಎತ್ತಿಟ್ಟಳು. ನಾಲ್ಕೈದು ದಿನಕ್ಕೆ ಜ್ವರ ತಾನಾಗೇ ಇಳಿಯಿತು. ವಾಸಿಯಾಯಿತು ಅಂದುಕೊಂಡಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು, ಅಲ್ವಾ?

ಏಳನೇ ತಿಂಗಳಲ್ಲಿ ತವರಿಗೆ ಬಂದಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.2 ಅಂತ ಬರೆದಿದೆ. ಕಬ್ಬಿಣದ ಮಾತ್ರೆ ದಿನಕ್ಕೆ ಎರಡು ಮಾಡಿದರು. ಮಂಗಳೂರಿನ ಜ್ವರದ ಬಗ್ಗೆ ಒಂದು ಅಕ್ಷರವೂ ಇಲ್ಲ. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ. ಕಾರ್ಡಿನಲ್ಲಿ ಅದಕ್ಕೊಂದು ಜಾಗವೂ ಇರಲಿಲ್ಲ.

34 ವಾರ ಆಗುತ್ತಿದ್ದಂತೆ ಸ್ಕ್ಯಾನಿಂಗಿಗೆ ನಮ್ಮಲ್ಲಿ ಬಂದಳು. ಕೂಸು ದಿನಕ್ಕೆ ತಕ್ಕಷ್ಟು ಬೆಳೆದಿರಲಿಲ್ಲ. ಹಿಮೋಗ್ಲೋಬಿನ್ 7.1ಕ್ಕೆ ಇಳಿದಿತ್ತು. ರಾತ್ರಿ ಮೈ ಬೆಚ್ಚಗಾಗುತ್ತದೆ ಅಂದಳಂತೆ. ಹಾಗಾಗಿ ಮಲೇರಿಯಾ ಸ್ಲೈಡೂ ಬಂತು. ದಪ್ಪ ಲೇಪದಲ್ಲಿ 100 ಫೀಲ್ಡು ನೋಡಿದೆ (ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗವೇ ಒಂದು ಫೀಲ್ಡು). ಏನೂ ಸಿಗಲಿಲ್ಲ. ನಾಟ್ ಸೀನ್ ಅಂತ ಬರೆದು ಸಹಿ ಹಾಕಿದೆ.

ಹೆರಿಗೆಯ ರಾತ್ರಿ

ಆಮೇಲೆ 16ನೇ ದಿನ ರಾತ್ರಿ ನೋವು ಶುರುವಾಗಿ ಬಂದಳು. 36 ವಾರ. ಜ್ವರ 101. ಹಿಮೋಗ್ಲೋಬಿನ್ 6.3. ಡ್ಯೂಟಿಯಲ್ಲಿದ್ದ, ಪಿಜಿ ಓದುತ್ತಿರುವ ಡಾಕ್ಟರ್ ಹುಡುಗಿ ಚುರುಕು. ಅವಳೇ ಮೊದಲ ಬಾರಿಗೆ ಕೂತು ಮಂಗಳೂರಿನ ಕಥೆ ಪೂರ್ತಿ ಕೇಳಿಸಿಕೊಂಡಳು. ರಾಪಿಡ್ ಟೆಸ್ಟ್ ಕಾರ್ಡಿನ ಮೇಲೆ ಒಂದು ಹನಿ ರಕ್ತ ಹಾಕಿದಳು. ಫಾಲ್ಸಿಪಾರಮ್ ಗೆರೆ ಮೂಡಿತು. ಮೂಡಿತೋ ಇಲ್ಲವೋ ಅನ್ನುವಷ್ಟು ಮಸುಕಾಗಿ. ನನಗೆ ಫೋನ್ ಮಾಡಿದಳು: “ಮೇಡಂ, ಇದು ಹಳೇದರ ಗುರುತು ಇರಬಹುದಾ?”

ಒಳ್ಳೆಯ ಪ್ರಶ್ನೆ. ಈ ಕಾರ್ಡು ಹಿಡಿಯುವುದು ರೋಗಾಣುವನ್ನಲ್ಲ, ಅದು ಬಿಡುವ ಎಚ್‌ಆರ್‌ಪಿ-2 ಅನ್ನುವ ಪ್ರೋಟೀನನ್ನು. ರೋಗಾಣು ಸತ್ತ ಮೇಲೂ ಅದು ರಕ್ತದಲ್ಲಿ ಕೆಲವು ವಾರ ಉಳಿದಿರುತ್ತದೆ. ಆದರೆ ಇವಳ ಜ್ವರ ಬಂದು ಹತ್ತಿರ ಹತ್ತಿರ ನಾಲ್ಕು ತಿಂಗಳಾಗಿತ್ತು. ಅಷ್ಟು ದಿನ ಉಳಿಯುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ರೋಗಾಣು ಒಳಗೆ ಎಲ್ಲೋ ಜೀವಂತ ಇರಲೇಬೇಕು. ಆದರೆ ಅದೇ ರಾತ್ರಿ ತೆಗೆದ ಸ್ಲೈಡಿನಲ್ಲೂ ಏನೂ ಇಲ್ಲ!

“ಮಾಸು ಬಿದ್ದ ಮೇಲೆ ಎಸೀಬೇಡಿ, ನಾನು ಬರ್ತೀನಿ” ಅಂದೆ.

ಬೆಳಗಿನ ಜಾವ ಹೆರಿಗೆಯಾಯಿತು. ಹೆಣ್ಣು ಕೂಸು, 1.9 ಕೆ.ಜಿ. ಹುಟ್ಟುತ್ತಲೇ ಅತ್ತಿತು. ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕ ಅಂತ ಲೆಕ್ಕ. ಕೂಸನ್ನು ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕ) ಸಾಗಿಸಿದರು. ತಾಯಿಗೆ ರಕ್ತ ಹಾಕಿದರು.

ಹೆರಿಗೆ ಕೋಣೆಯ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದರು. ಆಸ್ಪತ್ರೆಯಲ್ಲಿ ಮಾಸು ಹಳದಿ ಚೀಲಕ್ಕೆ ಹೋಗುತ್ತದೆ. ಹಳ್ಳಿಯಿಂದ ಬಂದ ಎಷ್ಟೋ ಹಿರಿಯರಿಗೆ ಇದು ಈಗಲೂ ಸರಿಕಾಣುವುದಿಲ್ಲ. ಆ ಅಮ್ಮ ನನ್ನ ಕೈಯಲ್ಲಿದ್ದ ಟ್ರೇ ನೋಡಿ, “ಡಾಕ್ಟ್ರಮ್ಮಾ, ಅದನ್ನ ಕಸದಾಗೆ ಹಾಕಬ್ಯಾಡ್ರಿ. ಹಿತ್ತಲಾಗೆ ಹೂಳಬೇಕು ಅದನ್ನ” ಅಂದರು. ಪರೀಕ್ಷೆಗೆ ಬೇಕಾಗಿದೆ, ಮಗಳ ಜ್ವರ ಅಲ್ಲೇ ಅಡಗಿರಬಹುದು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾರೆ ನೋಡ್ರಿ ತಾಯಿ. ನೋಡಿ ಏನೈತಿ ಅಂತ ನಂಗೂ ಹೇಳ್ರಿ” ಅಂದರು.

ಮಾಸಿನ ಒಳಗೆ

ತೂಕ 340 ಗ್ರಾಂ. ದಿನ ತುಂಬಿದ ಮಾಸು ಅರ್ಧ ಕೆ.ಜಿ. ಆಸುಪಾಸು ಇರುತ್ತದೆ. ತಾಯಿಯ ಕಡೆಯ ಮುಖ ಎಂದಿನ ಕಡುಗೆಂಪು ಅಲ್ಲ, ಬೂದು ಬೆರೆತ ಹಾಗಿತ್ತು. ಹೆಬ್ಬೆರಳ ಉಗುರಿನಷ್ಟು ಚೂರು ಕತ್ತರಿಸಿದೆ. ಜಾಸ್ತಿ ರಕ್ತ ಹೀರಲಿ ಅಂತ ಬ್ಲಾಟಿಂಗ್ ಪೇಪರಿಗೆ ಒತ್ತಿ, ಆಮೇಲೆ ಗಾಜಿನ ಸ್ಲೈಡಿಗೆ ನಾಲ್ಕು ಕಡೆ ಮುಟ್ಟಿಸಿದೆ. ಮೆಥನಾಲ್, ಜೀಮ್ಸಾ ಬಣ್ಣ, ನಲ್ಲಿ ನೀರು. ಒಣಗಿದ ಮೇಲೆ ಒಂದು ಹನಿ ಎಣ್ಣೆ ಹಾಕಿ ನೂರರ ಲೆನ್ಸು ಇಳಿಸಿದೆ.

ಮೊದಲ ಫೀಲ್ಡಿನಲ್ಲೇ ಎಂಟೋ ಒಂಬತ್ತೋ ಕೆಂಪು ರಕ್ತಕಣ, ಪ್ರತಿಯೊಂದರ ಹೊಟ್ಟೆಯಲ್ಲೂ ಬಲಿತ ರೋಗಾಣು. ಎಳೆಯ ಉಂಗುರವಲ್ಲ, ಪೂರ್ತಿ ಬಲಿತದ್ದು. ನಡುವೆ ಕಂದುಗಪ್ಪು ಚುಕ್ಕೆ. ರಕ್ತದ ಕೆಂಪು ಬಣ್ಣ ತಿಂದು ರೋಗಾಣು ಉಳಿಸುವ ಕಸ ಅದು, ಹೀಮೋಜೋಯಿನ್. ಸುತ್ತ ಬಿಳಿ ರಕ್ತಕಣಗಳು ಗುಂಪುಗೂಡಿ ಅದೇ ಕಸ ನುಂಗಿ ಕಪ್ಪಾಗಿದ್ದವು. ಸ್ಲೈಡು ಸರಿಸಿದೆ. ಅಲ್ಲೂ ಅಷ್ಟೇ. ಇಡೀ ಸ್ಲೈಡಿಗೆ ಎಳ್ಳು ಉದುರಿಸಿದ ಹಾಗೆ.

ಅವಳ ಬೆರಳಿನ ರಕ್ತದಲ್ಲಿ ಒಂದೂ ಇಲ್ಲ, ಮಾಸಿನಲ್ಲಿ ಲೆಕ್ಕಕ್ಕೆ ಸಿಗದಷ್ಟು. ಅವತ್ತು ಮಧ್ಯಾಹ್ನ ಸ್ಲೈಡ್ ಪೆಟ್ಟಿಗೆಯಿಂದ 16 ದಿನ ಹಿಂದಿನದನ್ನು ಹುಡುಕಿ ತೆಗೆದೆ. ಈ ಸಲ 100ಕ್ಕೆ ನಿಲ್ಲಿಸಲಿಲ್ಲ. ಎರಡು ಗಂಟೆ ಕೂತು 400 ಫೀಲ್ಡು ನೋಡಿದೆ. ಕೊನೆಗೆ ಒಂದು ಮೂಲೆಯಲ್ಲಿ ಒಂದೇ ಒಂದು ಗ್ಯಾಮಿಟೋಸೈಟ್ (ಸೊಳ್ಳೆಗೆ ದಾಟಲು ತಯಾರಾದ ಹಂತದ ರೋಗಾಣು) ಸಿಕ್ಕಿತು. ಬಾಳೆಹಣ್ಣಿನ ಆಕಾರ, ತಪ್ಪಲು ಸಾಧ್ಯವೇ ಇಲ್ಲ. ಅವತ್ತೇ ಅದು ಅಲ್ಲೇ ಇತ್ತು. ನಾನು ನಿಯಮದ ಪ್ರಕಾರವೇ ನೋಡಿದ್ದೆ, ಬರೆದದ್ದೂ ಸುಳ್ಳಲ್ಲ. ಆದರೂ ಆ ಚೀಟಿ ಅವಳಿಗೆ 16 ದಿನ ತಡ ಮಾಡಿಸಿತು. ಇದು ನನ್ನ ಮನಸ್ಸಿನಿಂದ ಹೋಗಿಲ್ಲ.

ಅದು ಅಲ್ಲೇ ಯಾಕೆ ಅಂಟಿಕೊಂಡಿತು

ಫಾಲ್ಸಿಪಾರಮ್ ರೋಗಾಣು ಒಂದು ಕೆಂಪು ರಕ್ತಕಣ ಹೊಕ್ಕರೆ ಅದನ್ನು ಒಡೆದು ಹೊರಬರಲು ಸುಮಾರು 48 ಗಂಟೆ ಬೇಕು. ಮೊದಲ 16ರಿಂದ 20 ಗಂಟೆ ಆ ಕಣ ಉಳಿದವುಗಳ ಜೊತೆ ಹರಿಯುತ್ತಾ ಇರುತ್ತದೆ. ಆಗ ಬೆರಳು ಚುಚ್ಚಿದರೆ ನಮಗೆ ಉಂಗುರದ ಆಕಾರ ಕಾಣುತ್ತದೆ. ರೋಗಾಣು ಬಲಿಯುತ್ತಾ ಹೋದಂತೆ ಕಣ ಬಿರುಸಾಗುತ್ತದೆ. ಬಿರುಸಾದ ಕಣವನ್ನು ಗುಲ್ಮ (ಸ್ಪ್ಲೀನ್) ಹಿಡಿದು ನಾಶ ಮಾಡುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ರೋಗಾಣು ಮಾಡುವ ಉಪಾಯ ಒಂದೇ: ಹರಿಯುವುದನ್ನೇ ನಿಲ್ಲಿಸಿ ಎಲ್ಲಾದರೂ ಅಂಟಿಕೊಳ್ಳುವುದು.

ಅದಕ್ಕಾಗಿ ಅದು ರಕ್ತಕಣದ ಮೈಮೇಲೆ ಸಣ್ಣ ಸಣ್ಣ ಗುಬುಟು ಎಬ್ಬಿಸುತ್ತದೆ. ಗುಬುಟಿನ ತುದಿಯಲ್ಲಿ ಪಿಎಫ್‌ಇಎಂಪಿ-1 ಅನ್ನುವ ಪ್ರೋಟೀನು. ಹೊಲದಲ್ಲಿ ನಡೆದು ಬಂದರೆ ಸೀರೆ ಅಂಚಿಗೆ ಉತ್ತರಾಣಿ ಕಾಳು ಕಚ್ಚಿಕೊಂಡಿರುತ್ತಲ್ಲ, ಹಾಗೇ ಇದು ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆದರೆ ಉತ್ತರಾಣಿ ಸಿಕ್ಕಿದ ಬಟ್ಟೆಗೆಲ್ಲಾ ಹಿಡಿಯುತ್ತದೆ, ಇದು ಹಾಗಲ್ಲ. ರೋಗಾಣುವಿನ ಬಳಿ ಈ ಪ್ರೋಟೀನಿನ ಸುಮಾರು 60 ಬಗೆ ಇವೆ. ಒಂದು ಹೊತ್ತಿಗೆ ಒಂದನ್ನು ಮಾತ್ರ ಹೊರಗೆ ಹಾಕುತ್ತದೆ. ಯಾವುದನ್ನು ಹಾಕಿದೆ ಅನ್ನುವುದರ ಮೇಲೆ ಎಲ್ಲಿ ಕಚ್ಚುತ್ತದೆ ಅನ್ನುವುದು ನಿಂತಿದೆ. ಒಂದು ಬಗೆ ಸಿಡಿ36 ಅನ್ನುವ ಕೊಂಡಿಗೆ ಅಂಟಿದರೆ ಇನ್ನೊಂದು ಇಪಿಸಿಆರ್‌ಗೆ ಅಂಟುತ್ತದೆ. ಮಿದುಳಿಗೆ ಏರುವ ಮಲೇರಿಯಾದ ಹಿಂದೆ ಈ ಎರಡನೆಯದರ ಕೈವಾಡ ಇದೆ ಅಂತ 2013ರಿಂದ ಗೊತ್ತು.

ಬಸುರಿಯಲ್ಲಿ ಅದಕ್ಕೆ ಹೊಸ ಜಾಗವೊಂದು ಸಿಗುತ್ತದೆ. ಮಾಸನ್ನು ಅರ್ಥ ಮಾಡಿಕೊಳ್ಳಬೇಕಾದರೆ ಭದ್ರಾ ನಾಲೆಯ ಕೆಳಗಿನ ಭತ್ತದ ಗದ್ದೆ ನೆನೆಸಿಕೊಳ್ಳಿ. ತೂಬಿನಿಂದ ನೀರು ಬಂದು ಗದ್ದೆ ತುಂಬುತ್ತದೆ, ನಿಧಾನಕ್ಕೆ ಬೇರುಗಳ ನಡುವೆ ಸುಳಿದು ಆಚೆ ಹೋಗುತ್ತದೆ. ಮಾಸಿನಲ್ಲಿ ತಾಯಿಯ ರಕ್ತವೇ ಆ ನೀರು. ಕೂಸಿನ ಕಡೆಯಿಂದ ಇಳಿಬಿದ್ದ ಎಳೆಗಳೇ ಬೇರು. ಎರಡು ರಕ್ತ ಬೆರೆಯುವುದಿಲ್ಲ, ಆದರೆ ಕೂಸಿನ ಊಟ, ಉಸಿರು ಎಲ್ಲಾ ಇಲ್ಲೇ ದಾಟಬೇಕು. ಈ ಎಳೆಗಳ ಮೇಲ್ಮೈಯಲ್ಲೂ ನಡುವಿನ ಜಾಗದಲ್ಲೂ ಒಂದು ಸಕ್ಕರೆ ಸರಪಳಿ ಇದೆ. ಹೆಸರು ಕಾಂಡ್ರಾಯ್ಟಿನ್ ಸಲ್ಫೇಟ್ ಎ, ಚಿಕ್ಕದಾಗಿ ಸಿಎಸ್‌ಎ.

ಸಕ್ಕರೆ ಅಂದರೆ ಚಹಾಕ್ಕೆ ಹಾಕುವ ಸಕ್ಕರೆ ಅಲ್ಲ. ರುಚಿಗೂ ಇದಕ್ಕೂ ಸಂಬಂಧ ಇಲ್ಲ, ತಾಯಿ ಸಿಹಿ ತಿಂದಿದ್ದಕ್ಕೂ ಸಂಬಂಧ ಇಲ್ಲ. (ಇದನ್ನು ಎಷ್ಟೋ ಮಂದಿ ಕೇಳಿದ್ದಾರೆ, ಅದಕ್ಕೇ ಬರೆದೆ.) ಎರಡು ಬಗೆಯ ಸಕ್ಕರೆ ಮಣಿಗಳನ್ನು ಒಂದಾದ ಮೇಲೊಂದು ಪೋಣಿಸಿದ ಉದ್ದನೆಯ ಸರ ಇದು. ಕೆಲವು ಮಣಿಗಳ ಒಂದು ನಿರ್ದಿಷ್ಟ ಜಾಗದಲ್ಲಿ ಸಲ್ಫೇಟ್ ಕೂತಿರುತ್ತದೆ. ಕೀಲುಗಳಲ್ಲೂ ಇದೇ ಜಾತಿಯ ಸರ ಇದೆ. ಮೊಣಕಾಲು ನೋವಿನ ಮಾತ್ರೆ ಡಬ್ಬಿಯ ಮೇಲೆ ಕಾಂಡ್ರಾಯ್ಟಿನ್ ಅಂತ ಓದಿದ್ದೀರಲ್ಲ, ಅದರ ಬಂಧುವೇ.

1996ರಲ್ಲಿ ಫ್ರೀಡ್ ಮತ್ತು ಡಫಿ ಅನ್ನುವ ಇಬ್ಬರು ವಿಜ್ಞಾನಿಗಳು ಕೀನ್ಯಾದ ಬಾಣಂತಿಯರ ಮಾಸುಗಳಿಂದ ರೋಗಾಣು ಹಿಡಿದ ರಕ್ತಕಣ ತೆಗೆದು ನೋಡಿದರು. ಅವು ಸಿಎಸ್‌ಎಗೆ ಅಂಟಿದವು, ಸಿಡಿ36ಕ್ಕೆ ಅಂಟಲಿಲ್ಲ. ಮಾಸಿನಲ್ಲಿ ಕೂತದ್ದು ಬೇರೆಯದೇ ಗುಂಪು ಅಂತ ಅಲ್ಲಿಗೆ ಗೊತ್ತಾಯಿತು. ಆ ಗುಂಪು ಮೈಮೇಲೆ ಹಾಕಿಕೊಳ್ಳುವ ಪ್ರೋಟೀನು ಯಾವುದು ಅನ್ನುವುದನ್ನು 2003ರಲ್ಲಿ ಕೋಪನ್‌ಹೇಗನ್ನಿನ ಸಲಾಂಟಿ ಮತ್ತು ಜೊತೆಯವರು ತೋರಿಸಿದರು. ಅದನ್ನು ವಾರ್2ಸಿಎಸ್‌ಎ ಅಂತ ಕರೆಯುತ್ತಾರೆ.

ಈ ಎರಡರ ನಡುವೆ ನಡೆದ ಒಂದು ಕೆಲಸದ ಮೇಲೆ ನನಗೆ ವಿಶೇಷ ಅಭಿಮಾನ. ಮಾಸಿನ ಆ ಸರ ನಿಜಕ್ಕೂ ಹೇಗಿದೆ ಅಂತ ಬಿಡಿಸಿ ನೋಡಿದವರಲ್ಲಿ ಅಮೆರಿಕದಲ್ಲಿದ್ದ ಡಿ. ಚನ್ನೇಗೌಡರ ತಂಡ ಮುಖ್ಯ. 2000ದಲ್ಲಿ ಬಂದ ಅವರ ಪ್ರಬಂಧದ ಲೇಖಕರಲ್ಲಿ ಮೊದಲ ಹೆಸರು ರಾಜೇಶ್ವರ ಆಚೂರ್ ಅವರದು. ಅವರು ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಪ್ರಾಧ್ಯಾಪಕರಾದರು. ನಮ್ಮ ಗದ್ದೆಗಳಿಗೆ ನೀರು ಬಿಡುವ ಭದ್ರಾ ಅಣೆಕಟ್ಟಿನ ಮಗ್ಗುಲಲ್ಲೇ ಇದೆ ಆ ಶಂಕರಘಟ್ಟ. ಆ ತಂಡ ಕಂಡದ್ದು ಇಷ್ಟು: ರಕ್ತ ಸುಳಿಯುವ ಜಾಗದಲ್ಲಿರುವ ಸರಗಳಲ್ಲಿ ಸಲ್ಫೇಟ್ ತೀರಾ ಕಡಿಮೆ. ಬಹುಪಾಲು ಮಣಿಗಳು ಬರಿದು, ನಡುನಡುವೆ ಎಲ್ಲೋ ಒಂದಕ್ಕೆ ಸಲ್ಫೇಟ್. ರೋಗಾಣುವಿಗೆ ಬೇಕಾದದ್ದು ಈ ಬೆರಕೆಯೇ. ಗಟ್ಟಿಯಾಗಿ ಹಿಡಿಯಲು ಕನಿಷ್ಠ 12 ಮಣಿಗಳಷ್ಟು ಉದ್ದ ಬೇಕು ಅಂತಲೂ ಅದೇ ತಂಡ ತೋರಿಸಿತು. ಸಲ್ಫೇಟ್ ಜಾಸ್ತಿ ಇದ್ದರೆ ಜಾಸ್ತಿ ಅಂಟುತ್ತದೆ ಅಂತ ನಾನು ವಿದ್ಯಾರ್ಥಿಯಾಗಿದ್ದಾಗ ಸುಮ್ನೆ ಊಹಿಸಿದ್ದೆ. ಅದು ಹಾಗಲ್ಲ.

ಇನ್ನೊಂದು ಮಾತು. ಇದೇ ತರಹದ ಸರ ಹಲವು ಬಗೆಯ ಕ್ಯಾನ್ಸರ್ ಜೀವಕೋಶಗಳ ಮೇಲೂ ಇರುತ್ತದೆ ಅಂತ 2015ರಲ್ಲಿ ಗೊತ್ತಾಯಿತು. ಕ್ಯಾನ್ಸರನ್ನು ಹುಡುಕಿ ಹಿಡಿಯಲು ಮಲೇರಿಯಾದ ಈ ಅಂಟು ಪ್ರೋಟೀನನ್ನೇ ಬಳಸಬಹುದೇ ಅಂತ ಸಲಾಂಟಿಯವರ ತಂಡವೇ ಕೆಲಸ ಮಾಡುತ್ತಿದೆ.

ನಮ್ಮ ಹೆಣ್ಣುಮಗಳಿಗೆ ಆದದ್ದು

ಈಗ ಅವಳ ಕಥೆ ಜೋಡಿಸಬಹುದು. ಅರ್ಧಕ್ಕೆ ಬಿಟ್ಟ ಮಾತ್ರೆ ರಕ್ತದಲ್ಲಿದ್ದ ರೋಗಾಣುಗಳಲ್ಲಿ ಬಹುಪಾಲನ್ನು ಕೊಂದಿತು. ಜ್ವರ ಇಳಿಯಿತು. ಉಳಿದ ಕೆಲವು ಮಾಸಿನಲ್ಲಿ ನೆಲೆ ಕಂಡುಕೊಂಡವು. ಅಲ್ಲಿ ಗುಲ್ಮದ ಕಾಟ ಇಲ್ಲ, ರಕ್ತ ನಿಧಾನ, ಹಿಡಿದುಕೊಳ್ಳಲು ಸರ ಬೇಕಾದಷ್ಟು. ಎರಡು ದಿನಕ್ಕೊಮ್ಮೆ ಕಣ ಒಡೆಯುವುದು, ಹೊಸ ಕಣ ಹೊಕ್ಕುವುದು, ಮತ್ತೆ ಅಂಟುವುದು. ಹೀಗೆ ನಾಲ್ಕು ತಿಂಗಳು. ರಕ್ತಕಣ ಸಾಯುತ್ತಿದ್ದವು, ಹಾಗಾಗಿ ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಬಿಳಿ ಕಣಗಳು ಬಂದು ತುಂಬಿಕೊಂಡು ಕೂಸಿಗೆ ದಾಟಬೇಕಾದ ಆಹಾರಕ್ಕೆ ಅಡ್ಡಿಯಾಯಿತು. ಕೂಸು ಸೊರಗಿತು. ಗಂಡನಲ್ಲಿ ರೋಗಾಣುವಿಗೆ ಈ ಅಡಗುತಾಣವೇ ಇರಲಿಲ್ಲ, ಮಾತ್ರೆಯನ್ನೂ ಅವನು ಪೂರ್ತಿ ನುಂಗಿದ್ದ.

ಆಫ್ರಿಕಾದ ಮಲೇರಿಯಾ ಜಾಸ್ತಿ ಇರುವ ಊರುಗಳಲ್ಲಿ ಇದು ಮೊದಲ ಬಸಿರಿನಲ್ಲಿ ಹೆಚ್ಚು ಕಾಡುತ್ತದೆ. ಆಮೇಲಾಮೇಲೆ ಹೆಂಗಸರ ರಕ್ತದಲ್ಲಿ ಈ ಅಂಟು ಪ್ರೋಟೀನಿನ ವಿರುದ್ಧ ಪ್ರತಿಕಾಯ ಬೆಳೆದು ತೊಂದರೆ ಕಡಿಮೆಯಾಗುತ್ತದೆ. ಗಂಡಸರ ರಕ್ತದಲ್ಲಿ ಆ ಪ್ರತಿಕಾಯ ಸಾಮಾನ್ಯವಾಗಿ ಸಿಗುವುದಿಲ್ಲ. ಜಗಳೂರು, ಚಳ್ಳಕೆರೆಯಂಥ ಒಣ ಸೀಮೆಯವರಿಗೆ ಮಲೇರಿಯಾ ಪರಿಚಯವೇ ಕಡಿಮೆ. ಹಾಗಾಗಿ ನಮ್ಮ ಹೆಣ್ಣುಮಕ್ಕಳಿಗೆ ಮೂರನೇ ಬಸಿರೂ ಮೊದಲನೆಯದರಷ್ಟೇ ಅಪಾಯ. ಆ ಪ್ರತಿಕಾಯವನ್ನು ಲಸಿಕೆಯಿಂದ ಹುಟ್ಟಿಸಲು ಪ್ಯಾಮ್‌ವ್ಯಾಕ್, ಪ್ರಿಮ್‌ವ್ಯಾಕ್ ಅನ್ನುವ ಎರಡು ಪ್ರಯತ್ನಗಳು ಮನುಷ್ಯರಲ್ಲಿ ಮೊದಲ ಹಂತದ ಪರೀಕ್ಷೆ ಮುಗಿಸಿವೆ.

ಅವಳಿಗೆ ಅವತ್ತೇ ಆರ್ಟಿಮಿಸಿನಿನ್ ಜಾತಿಯ ಮಾತ್ರೆ ಶುರು ಮಾಡಿದರು, ಮೂರು ದಿನದ ಕೋರ್ಸು. ಮೂರೂ ದಿನ ನರ್ಸ್ ಎದುರಿಗೇ ನುಂಗಿಸಿದರು. ಹಾಲೂಡಿಸುವ ತಾಯಿ ಆದ್ದರಿಂದ ಮಲೇರಿಯಾದ ಇನ್ನೊಂದು ಮಾತ್ರೆ ಪ್ರಿಮಾಕ್ವಿನ್ ಕೊಡಲಿಲ್ಲ. ಕೂಸಿನ ಹಿಮ್ಮಡಿ ರಕ್ತ ಎರಡು ಸಲ ನೋಡಿದೆವು, ರೋಗಾಣು ಕಾಣಲಿಲ್ಲ. ನಾನು ‘ಕಂಡಿಲ್ಲ’ ಅಂತಲೇ ಬರೆದೆ, ಜೊತೆಗೆ ಯಾವ ದಿನ ಮತ್ತೆ ನೋಡಬೇಕು ಅಂತಲೂ ಬರೆದೆ. ಮೂರನೇ ಸಲವೂ ಕಾಣಲಿಲ್ಲ.

ನಮ್ಮ ಲ್ಯಾಬಿನಲ್ಲಿ ಆಮೇಲೆ ಒಂದು ಬದಲಾವಣೆ ಮಾಡಿಕೊಂಡೆವು. ಬಸುರಿಯ ಸ್ಲೈಡಿನಲ್ಲಿ ಏನೂ ಸಿಗದಿದ್ದರೆ ಚೀಟಿಯ ಕೆಳಗೆ ಕನ್ನಡದಲ್ಲೇ ಒಂದು ಸಾಲು: “ಈ ರಕ್ತದಲ್ಲಿ ಕಂಡಿಲ್ಲ. ಆರು ತಿಂಗಳಲ್ಲಿ ಕರಾವಳಿ ಕಡೆ ಇದ್ದಿದ್ದರೆ, ಅಥವಾ ಚಳಿಜ್ವರ ಬಂದು ಹೋಗಿದ್ದರೆ, ಕಾರ್ಡ್ ಪರೀಕ್ಷೆ ಮಾಡಿಸಿ, ಸ್ಲೈಡು ಮತ್ತೆ ಕಳಿಸಿ.” ಕಾರ್ಡ್ ಪರೀಕ್ಷೆಯೂ ಮಾಸಿನಲ್ಲಿರುವುದನ್ನು ಪ್ರತಿ ಸಲ ಹಿಡಿಯುತ್ತದೆ ಅಂತ ಇಲ್ಲ. ಆದರೆ ಅಂಟಿಕೊಂಡ ರೋಗಾಣು ಬಿಟ್ಟ ಪ್ರೋಟೀನು ರಕ್ತದಲ್ಲಿ ಹರಿಯುತ್ತಲೇ ಇರುತ್ತದೆ, ಅದು ಅಂಟಿಕೊಳ್ಳುವುದಿಲ್ಲ. ಇವಳನ್ನು ತೋರಿಸಿಕೊಟ್ಟದ್ದೂ ಆ ಮಸುಕು ಗೆರೆಯೇ.

ಆರು ವಾರದ ಮೇಲೆ ತಾಯಿ, ಕೂಸು, ಅಜ್ಜಿ ಮೂವರೂ ಬಂದರು. ಕೂಸು 3.1 ಕೆ.ಜಿ. ಆಗಿತ್ತು. ತಾಯಿಯ ಹಿಮೋಗ್ಲೋಬಿನ್ 10.4. ಅಜ್ಜಿ ಸೀದಾ ಲ್ಯಾಬಿನ ಬಾಗಿಲಿಗೆ ಬಂದು, “ಹೇಳ್ತೀನಿ ಅಂದಿದ್ರಲ್ಲ ಡಾಕ್ಟ್ರಮ್ಮಾ, ಏನಿತ್ತು ಅದ್ರಾಗೆ?” ಅಂದರು. ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಮಾಸಿನ ಸ್ಲೈಡು ಇಟ್ಟು ಫೋಕಸ್ ಮಾಡಿ ಕೊಟ್ಟೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಕಪ್ಪು ಚುಕ್ಕೆ ಕಾಣ್ತಾ ಇದೆಯಾ ಅಂದೆ. “ಕಾಣ್ತಾವವ್ವ. ರಾಗಿ ಚೆಲ್ಲಿದಂಗೆ ಐತೆ” ಅಂದರು. ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು. ಸೆರಗಿನಲ್ಲಿ ಒರೆಸಿಕೊಂಡರು.

ಆಮೇಲೆ ಅವರಾಗೇ ಹೇಳಿದರು: “ಅದೇ ಬಿಲ್ಡಿಂಗಿಗೆ ಹೋಗಿ ಬಂದ ಇನ್ನೊಬ್ಬಾಕಿ ಅದಾಳೆ ನಮ್ಮ ಓಣ್ಯಾಗೆ. ಆಕಿಗೂ ಈಗ ಐದು ತುಂಬೈತಿ.”

ಮುಂದಿನ ಗುರುವಾರ ಆಶಾ ಕಾರ್ಯಕರ್ತೆ ಅವಳನ್ನು ಕರೆತಂದಳು. ಸ್ಲೈಡಿನಲ್ಲಿ 300 ಫೀಲ್ಡು ನೋಡಿದೆ, ಏನೂ ಸಿಗಲಿಲ್ಲ. ಕಾರ್ಡಿನ ಮೇಲೆ ಕಂಟ್ರೋಲ್ ಗೆರೆ (ಕಾರ್ಡು ಕೆಲಸ ಮಾಡಿದೆ ಅಂತ ತೋರಿಸುವುದು) ಬಿಟ್ಟರೆ ಬೇರೆ ಗೆರೆ ಇಲ್ಲ. ಎರಡು ವಾರ ಬಿಟ್ಟು ಮತ್ತೆ ಬರಲು ತಾಯಿ ಕಾರ್ಡಿನ ಮೇಲೆ ದಿನಾಂಕ ಬರೆದುಕೊಟ್ಟಿದ್ದೇನೆ. ಪಕ್ಕದಲ್ಲಿ ‘ಮಂಗಳೂರು’ ಅಂತಲೂ ಬರೆದಿದ್ದೇನೆ.